ಬೀಗದ ಒಳಮನೆ

ತಲಕಾಡಿನಲ್ಲಿ ಬೀಗಕ್ಕೆ ಕಳ್ಳನಿಗಿಂತ ದೊಡ್ಡ ಶತ್ರು ಮರಳು. ಗಾಳಿ ಎದ್ದರೆ ಸಾಕು, ದಿಬ್ಬದ ಮೇಲಿನ ನುಣುಪು ಮರಳು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಬೀಗದ ಕಿಂಡಿಗೆ ನುಗ್ಗುವುದು ಅದಕ್ಕೆಷ್ಟರ ಕೆಲಸ! ಬೀಗದ ಕೈ ಬಿಗಿಯಾಯಿತೆಂದು ಮನೆಯವರು ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಎಣ್ಣೆ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಒಳಗಿನ ಸ್ಪ್ರಿಂಗು ಕೂತಲ್ಲೇ ಕೂತುಬಿಡುತ್ತದೆ. ಆಮೇಲೆ ಬೀಗವನ್ನು ಸೆರಗಿಗೋ ಚೀಲಕ್ಕೋ ಹಾಕಿಕೊಂಡು ತಿ. ನರಸೀಪುರಕ್ಕೋ ಮೈಸೂರಿಗೋ ಬಸ್ಸು ಹತ್ತಬೇಕು.

"ಅಣ್ಣಾ, ಒಳಕ್ಕೋಯ್ತದೆ, ತಿರುಗಾಕಿಲ್ಲ."

"ಎಣ್ಣೆ ಬುಟ್ಟಿದ್ರಾ ಅಕ್ಕಾ?"

"ಊಂ ಕನಣ್ಣ, ಕೊಬ್ಬರಿ ಎಣ್ಣೆ."

"ಅದ್ಕೇಯಾ. ಇನ್ಮೇಲೆ ಪೆನ್ಸಿಲ್ ಸೀಸ ಕೆರೆದು ಪುಡಿ ಹಾಕಿ, ಎಣ್ಣೆ ಮಾತ್ರ ಬ್ಯಾಡಿ."

ಇಷ್ಟೇ ಮಾತು. ರಿಪೇರಿಯವರು ಬೀಗವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಕುಲುಕಿ, ಊದಿ, ಒಣಗಿಸಿ, ಮರದ ತುಂಡಿನ ಮೇಲೆ ಎರಡು ಸಲ ತಟ್ಟುತ್ತಾರೆ. ತಟ್ಟಿದಾಗ ಬರುವ ಸದ್ದಿನಲ್ಲೇ ಒಳಗೆ ಏನು ಸಡಿಲವಾಗಿದೆ, ಏನು ಸಿಕ್ಕಿಕೊಂಡಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಪೆನ್ಸಿಲ್ ಸೀಸವೆಂದರೆ ಗ್ರಾಫೈಟು. ಅದು ಒಣ ಪುಡಿ, ಲೋಹದ ಮೇಲೆ ಜಾರುತ್ತದೆ, ಧೂಳನ್ನು ಹಿಡಿಯುವುದಿಲ್ಲ. ದೊಡ್ಡ ಕಂಪನಿಗಳು ಪುಟ್ಟ ಟ್ಯೂಬಿನಲ್ಲಿ ತುಂಬಿ ಮಾರುವುದೂ ಇದೇ ಪುಡಿಯನ್ನು. ಹಳೆಯ ಕಬ್ಬಿಣದ ಬೀಗಗಳಲ್ಲಿ ಕಿಂಡಿಯ ಮೇಲೆ ಓಲಾಡುವ ಹಿತ್ತಾಳೆಯ ಸಣ್ಣ ಮುಚ್ಚಳವೊಂದಿರುತ್ತದಲ್ಲ, ಅದನ್ನು ಅಲಂಕಾರವೆಂದುಕೊಂಡವರೇ ಹೆಚ್ಚು. ಧೂಳು, ಮಳೆಹನಿ, ಇರುವೆ ಒಳಗೆ ಹೋಗದಿರಲೆಂದು ಮಾಡಿದ ಏರ್ಪಾಟು ಅದು. ತಲಕಾಡಿನಂಥ ಊರಲ್ಲಿ ಬೀಗ ಕೊಳ್ಳುವವರು ಮೊದಲು ನೋಡಬೇಕಾದದ್ದೇ ಆ ಮುಚ್ಚಳವನ್ನು.

ನಮ್ಮ ಪೇಟೆಗಳಲ್ಲಿ ಬೀಗ ರಿಪೇರಿಯವರಿಗೆ ಅಂಗಡಿ ಎನ್ನುವಂಥದ್ದು ಇರುವುದು ಅಪರೂಪ. ಬಸ್ ನಿಲ್ದಾಣದ ಗೋಡೆಯ ಪಕ್ಕ, ಮಾರುಕಟ್ಟೆಯ ತಿರುವಿನಲ್ಲಿ, ದೊಡ್ಡ ಕೊಡೆಯೊಂದರ ಕೆಳಗೆ ಅವರ ಕಾರ್ಖಾನೆ. ಒಂದು ಮರದ ಪೆಟ್ಟಿಗೆ, ಅದರ ಅಂಚಿಗೆ ಬಿಗಿದ ಸಣ್ಣ ವೈಸು, ಚಪ್ಪಟೆ ಅರ, ಮೂರು ಮೂಲೆಯ ಅರ, ದುಂಡು ಅರ, ಇಕ್ಕಳ, ಸುತ್ತಿಗೆ. ತಂತಿಗೆ ಪೋಣಿಸಿ ನೇತುಹಾಕಿದ ನೂರಾರು ಖಾಲಿ ಕೈಗಳು. ಇವನ್ನು ಅವರು ಬ್ಲ್ಯಾಂಕು ಎನ್ನುತ್ತಾರೆ. ಹಲ್ಲು ಕೊಯ್ಯುವವರೆಗೆ ಅವು ಯಾವ ಬಾಗಿಲಿನವೂ ಅಲ್ಲ. ಅಷ್ಟು ಕಡಿಮೆ ಸಲಕರಣೆಯಲ್ಲಿ ಅಷ್ಟು ನಿಖರವಾದ ಕೆಲಸ ಮಾಡುವ ಇನ್ನೊಂದು ಕಸುಬನ್ನು ನಾನು ಕಂಡಿಲ್ಲ. ಅದನ್ನು ಮೆಚ್ಚಬೇಕಾದರೆ ಬೀಗದೊಳಗೆ ಏನಿದೆ ಎಂದು ತಿಳಿದಿರಬೇಕು.

ಬೀಗಕ್ಕಿಂತ ಮೊದಲು ಬಂದದ್ದು ಅಗುಳಿ. ಹಳೆಯ ಕಲ್ಲಿನ ಗುಡಿಗಳ ಬಾಗಿಲಲ್ಲಿ ನಿಂತು ಮೇಲೆ ಕೆಳಗೆ ನೋಡಿ. ಹೊಸ್ತಿಲ ಮೂಲೆಯಲ್ಲೂ ಮೇಲಿನ ಅಡ್ಡಕಲ್ಲಿನಲ್ಲೂ ದುಂಡನೆಯ ಗುಳಿಗಳಿರುತ್ತವೆ. ಕದದ ತಿರುಗಣಿ ಕೂರುತ್ತಿದ್ದದ್ದು ಅಲ್ಲಿ. ಪಕ್ಕದ ಕಂಬಗಳಲ್ಲಿ ಚೌಕನೆಯ ತೂತುಗಳಿದ್ದರೆ ಅವು ಅಡ್ಡಮರ ತೂರಿಸುವ ಜಾಗ. ತೊಟ್ಟಿ ಮನೆಯ ಹೆಬ್ಬಾಗಿಲ ಹಿಂದೆಯೂ ಇದೇ ಏರ್ಪಾಟು: ಗೋಡೆಯೊಳಗಿನ ಬಿಲದಿಂದ ಎಳೆದು ಆ ಕಡೆಗೆ ತಳ್ಳುವ ಉದ್ದನೆಯ ಮರದ ಅಗುಳಿ. ಅದನ್ನು ಮೀರಿಸುವ ಭದ್ರತೆ ಇವತ್ತಿಗೂ ಕಡಿಮೆ. ಆದರೆ ಅದಕ್ಕೊಂದು ಕೊರತೆ ಇದೆ: ಒಳಗೆ ಒಬ್ಬರು ಇರಲೇಬೇಕು. ಎಲ್ಲರೂ ಗದ್ದೆಗೋ ಜಾತ್ರೆಗೋ ಹೊರಟರೆ ಹೊರಗಿನಿಂದ ಹಾಕಲು ಚಿಲಕ ಬೇಕು, ಆ ಚಿಲಕದ ಕೊಂಡಿಯನ್ನು ಕಾಯಲು ಬೀಗ ಬೇಕು.

ಯಾವ ಬೀಗವನ್ನೇ ಬಿಚ್ಚಿ ನೋಡಿ, ಒಳಗೆ ಸಿಗುವುದು ಬೆರಳುಗಾತ್ರದ ಒಂದು ಅಗುಳಿ. ಬಾಗಿಲ ಬೀಗದಲ್ಲಿ ಅದು ಚೌಕಟ್ಟಿನೊಳಗೆ ನುಗ್ಗುತ್ತದೆ. ನೇತುಹಾಕುವ ಬೀಗದಲ್ಲಿ ಮೇಲಿನ ಬಳೆಯ ಕಚ್ಚಿಗೆ ಸಿಕ್ಕಿಕೊಂಡು ಅದನ್ನು ಹಿಡಿಯುತ್ತದೆ. ಮಿಕ್ಕಿದ್ದೆಲ್ಲ ಆ ಅಗುಳಿ ಬೇರೆಯವರ ಮಾತು ಕೇಳದಂತೆ ಕಾಯುವ ಕಾವಲು. ಬೀಗದ ಚರಿತ್ರೆಯೆಂದರೆ ಆ ಕಾವಲು ಹೇಗೆ ಹೇಗೆ ಚುರುಕಾಯಿತು ಎಂಬ ಚರಿತ್ರೆ.

ಮೊದಲನೆಯ ಬಗೆಯ ಕಾವಲು ಬರಿಯ ತಡೆ. ಬೀಗದ ಹೊಟ್ಟೆಯೊಳಗೆ ಕೈ ತಿರುಗುವ ದಾರಿಯಲ್ಲಿ ಕಬ್ಬಿಣದ ಅಡ್ಡ ಪಟ್ಟಿಗಳನ್ನು ನಿಲ್ಲಿಸುತ್ತಾರೆ. ಕೈಯ ಎಲೆಯಲ್ಲಿ, ಅಂದರೆ ಕಡ್ಡಿಯ ತುದಿಯ ಅಗಲ ಭಾಗದಲ್ಲಿ, ಆ ಪಟ್ಟಿಗಳು ತೂರಿಹೋಗುವಷ್ಟು ಕಂಡಿಗಳಿದ್ದರೆ ಅದು ಸುತ್ತುತ್ತದೆ. ಅಜ್ಜಿಯರ ಕಾಲದ ಮರದ ಪೆಟ್ಟಿಗೆ, ಪೆಟಾರಿಗಳಿಗೆ ಇಂಥವೇ. ಕೆಲವು ಕೈಗಳು ಟೊಳ್ಳು ನಳಿಗೆ. ಬೀಗದೊಳಗೆ ಎದ್ದು ನಿಂತ ಕಡ್ಡಿಗೆ ಆ ನಳಿಗೆ ಹೋಗಿ ಕೂತರಷ್ಟೇ ತಿರುಗುತ್ತದೆ. ಈ ಬೀಗದ ದೌರ್ಬಲ್ಯ ಕಸುಬಿನವರಿಗೆಲ್ಲ ಗೊತ್ತು. ಎಲೆಯನ್ನು ತೇಯ್ದು ತೇಯ್ದು ಅಗುಳಿಯನ್ನು ಮುಟ್ಟುವಷ್ಟು ತುದಿ ಮಾತ್ರ ಉಳಿಸಿದರೆ ಯಾವ ತಡೆಯೂ ಅದಕ್ಕೆ ಅಡ್ಡ ಬರುವುದಿಲ್ಲ. ಹೀಗೆ ತೇಯ್ದ ಒಂದೇ ಕೈ ಒಂದು ಬೀದಿಯ ಅಷ್ಟೂ ಪೆಟ್ಟಿಗೆಗಳನ್ನು ತೆರೆಯಬಲ್ಲದು.

ಎರಡನೆಯ ಬಗೆ ನಮ್ಮ ನಾಡಿನ ನಿಜವಾದ ಬೀಗ: ಲಿವರ್ ಬೀಗ. ತಿ. ನರಸೀಪುರದ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬೀಗ ಕೇಳಿದರೂ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಲಿವರಿಂದು ಕೊಡ್ಲಿ?" ಐದು, ಆರು, ಏಳು, ಎಂಟು ಎಂದು ಬೀಗದ ಮೈಮೇಲೆಯೇ ಕೊರೆದಿರುತ್ತದೆ. ಅದು ಏನೆಂದು ಕೇಳುವ ಗಿರಾಕಿ ಕಡಿಮೆ. ಸಂಖ್ಯೆ ಹೆಚ್ಚಿದ್ದರೆ ಒಳ್ಳೆಯದು ಎಂದಷ್ಟೇ ತಿಳಿದು ಕೊಳ್ಳುತ್ತೇವೆ.

ಬಿಚ್ಚಿದ ಲಿವರ್ ಬೀಗವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುವುದು ಒಂದು ಸಂತೋಷ. ಹಿತ್ತಾಳೆಯ ತೆಳು ತಗಡುಗಳು ಇಸ್ಪೀಟು ಎಲೆಗಳ ಕಟ್ಟಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಎಲ್ಲಕ್ಕೂ ಒಂದು ಮೂಲೆಯಲ್ಲಿ ಒಂದೇ ಗೂಟ. ಅದರ ಸುತ್ತ ಪ್ರತಿ ತಗಡೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡಬಲ್ಲದು. ಪ್ರತಿ ತಗಡಿಗೂ ಅದರದೇ ಸ್ಪ್ರಿಂಗು, ಸದಾ ಕೆಳಕ್ಕೆ ಒತ್ತುತ್ತಿರುತ್ತದೆ. ತಗಡಿನ ನಡುವೆ ಕೊರೆದ ಒಂದು ಕಿಂಡಿ, ಕಿಂಡಿಯಲ್ಲಿ ಒಂದು ಇಕ್ಕಟ್ಟಿನ ದಾರಿ. ಅಗುಳಿಯ ಮೈಮೇಲೆ ಚಿಕ್ಕದೊಂದು ಮೊಳೆ ಎದ್ದಿರುತ್ತದೆ. ಅಗುಳಿ ಹಿಂದೆ ಸರಿಯಬೇಕಾದರೆ ಆ ಮೊಳೆ ಅಷ್ಟೂ ತಗಡುಗಳ ಇಕ್ಕಟ್ಟಿನ ದಾರಿಗಳನ್ನು ಒಟ್ಟಿಗೇ ದಾಟಬೇಕು. ಆರು ತಗಡುಗಳಲ್ಲಿ ದಾರಿ ಕೊರೆದಿರುವ ಎತ್ತರ ಒಂದೊಂದರಲ್ಲಿ ಒಂದೊಂದು. ಕೈಯ ಎಲೆಯಲ್ಲಿ ಇರುವ ಮೆಟ್ಟಿಲು ಮೆಟ್ಟಿಲಾದ ಹಲ್ಲುಗಳು ಒಂದೊಂದೂ ಒಂದೊಂದು ತಗಡನ್ನು ಎತ್ತುತ್ತವೆ. ಎಲ್ಲ ದಾರಿಗಳೂ ಒಂದೇ ಸಾಲಿಗೆ ಬಂದ ಆ ಕ್ಷಣಕ್ಕೆ ಮೊಳೆ ಒಳಗೆ ನುಗ್ಗುತ್ತದೆ, ಅಗುಳಿ ಸರಿಯುತ್ತದೆ, ಟಕ್ ಎನ್ನುತ್ತದೆ.

ಈ ಏರ್ಪಾಟಿನ ಜಾಣತನ ಎಲ್ಲಿದೆಯೆಂದರೆ, ತಗಡನ್ನು ಕಡಿಮೆ ಎತ್ತಿದರೂ ಕೆಲಸವಿಲ್ಲ, ಹೆಚ್ಚು ಎತ್ತಿದರೂ ಕೆಲಸವಿಲ್ಲ. ಅದಕ್ಕೂ ಹಿಂದಿನ ಬೀಗಗಳಲ್ಲಿ ಹೇಗಾದರೂ ಮಾಡಿ ಎತ್ತಿಬಿಟ್ಟರೆ ಸಾಕಿತ್ತು. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಹೆಚ್ಚು ಎತ್ತಿದರೂ ಅಡ್ಡಿಯಾಗುವಂತೆ ಮಾಡಿದ. 1818ರಲ್ಲಿ ಜೆರೆಮಯಾ ಚಬ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ: ಯಾರಾದರೂ ತಂತಿ ಹಾಕಿ ಒಂದು ತಗಡನ್ನು ಅತಿಯಾಗಿ ಎತ್ತಿದರೆ ಬೀಗ ಹಾಗೆಯೇ ಬಿಗಿದುಕೊಳ್ಳುತ್ತಿತ್ತು. ಯಜಮಾನ ಬಂದು ತನ್ನ ಕೈ ಹಾಕಿದಾಗ ಅದು ತಿರುಗದೆ, ಯಾರೋ ಪ್ರಯತ್ನಪಟ್ಟಿದ್ದಾರೆ ಎಂಬುದು ತಿಳಿಯುತ್ತಿತ್ತು. ಕಳ್ಳನನ್ನು ತಡೆಯುವುದರ ಜೊತೆಗೆ ಅವನು ಬಂದು ಹೋದ ಸುದ್ದಿಯನ್ನೂ ಹೇಳುವ ಬೀಗ! ಜೋಸೆಫ್ ಬ್ರಾಮಾ ಮಾಡಿದ ಇನ್ನೊಂದು ಬೀಗವಂತೂ ಲಂಡನ್ನಿನ ಅಂಗಡಿಯ ಕಿಟಕಿಯಲ್ಲಿ, ತೆರೆದವರಿಗೆ 200 ಗಿನಿ ಬಹುಮಾನವೆಂಬ ಬರಹದೊಡನೆ ದಶಕಗಳ ಕಾಲ ಕೂತಿತ್ತು. 1851ರ ಮಹಾ ಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಚಬ್ಬನ ಬೀಗವನ್ನೂ ತೆರೆದ, ಬ್ರಾಮಾನದನ್ನೂ ತೆರೆದ. ಎರಡನೆಯದಕ್ಕೆ ಹದಿನಾರು ದಿನಗಳಲ್ಲಿ ಹರಡಿದ 51 ಗಂಟೆ ಹಿಡಿಯಿತು. ಅಷ್ಟು ಹೊತ್ತು ಹಿಡಿಸಿದ ಬೀಗ ಸೋತಿತೆಂದು ನಾನು ಹೇಳಲಾರೆ.

ನಮ್ಮ ಕಡೆಯ ಬೀಗಗಳು ಎಲ್ಲಿಂದ ಬರುತ್ತವೆ? ಉತ್ತರಕ್ಕೆ ಅಲಿಗಢ, ದಕ್ಷಿಣಕ್ಕೆ ದಿಂಡಿಗಲ್. ದಿಂಡಿಗಲ್ಲಿನ ಕೈಬೀಗಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕಬ್ಬಿಣ ಹಿತ್ತಾಳೆಗಳನ್ನು ಕೈಯಲ್ಲೇ ಕೊಯ್ದು, ಅರ ಹಾಕಿ, ಲಿವರು ಕೂರಿಸುವ ಮನೆತನಗಳ ಊರು ಅದು. ತೆರೆಯುವಾಗ ಗಂಟೆ ಬಾರಿಸುವ ಪೆಟ್ಟಿಗೆ ಬೀಗಗಳನ್ನೂ ಅಲ್ಲಿ ಮಾಡುತ್ತಿದ್ದರು. ಮೂರನೆಯದು ಮುಂಬಯಿ. ವಕೀಲಿ ಬಿಟ್ಟು ಬಂದ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಶುರುಮಾಡಿದ್ದು ಬೀಗದ ಕಾರ್ಖಾನೆ. ಸೋಪು, ಬೀರು ಎಲ್ಲ ಆಮೇಲೆ. ಮದುವೆಗೆ ಕೊಡುವ ಉಕ್ಕಿನ ಬೀರುವಿಗೆ ಮೈಸೂರು ಸೀಮೆಯಲ್ಲಿ ಕಂಪನಿ ಯಾವುದಾದರೂ ಸರಿ, "ಗೋದ್ರೇಜು" ಎನ್ನುವುದೇ ರೂಢಿ. ಆ ಬೀರುವಿನ ಹಿಡಿ ತಿರುಗಿಸಿದಾಗ ಮೇಲೊಂದು ಕೆಳಗೊಂದು ಉದ್ದನೆಯ ಸರಳು ಸರಿಯುತ್ತವೆ. ಲಿವರ್ ಬೀಗ ಕಾಯುವುದು ಆ ಸರಳುಗಳನ್ನು.

ಮೂರನೆಯ ಬಗೆ ಸಿಲಿಂಡರು. ಇದು ಇನ್ನೊಂದು ಲೋಕ. ಕೈ ಚಪ್ಪಟೆ, ಚಿಕ್ಕದು, ಜೇಬಿನಲ್ಲಿ ಇದೆಯೋ ಇಲ್ಲವೋ ತಿಳಿಯದಷ್ಟು ಹಗುರ; ಅದರ ಒಂದು ಅಂಚು ಗುಡ್ಡಸಾಲಿನ ಹಾಗೆ ಏರಿಳಿದಿರುತ್ತದೆ. ಮೂಲ ಯೋಚನೆ ಸಾವಿರಾರು ವರ್ಷ ಹಳೆಯದು. ಪ್ರಾಚೀನ ಈಜಿಪ್ಟಿನಲ್ಲಿ ಮರದ ಅಗುಳಿಯ ತೂತುಗಳೊಳಗೆ ಮೇಲಿನಿಂದ ಮರದ ಗೂಟಗಳು ಬಿದ್ದು ಅದನ್ನು ಹಿಡಿಯುತ್ತಿದ್ದವು. ಹಲ್ಲಿರುವ ಮರದ ಕೈಯಿಂದ ಆ ಗೂಟಗಳನ್ನೆಲ್ಲ ಎತ್ತಿದರೆ ಅಗುಳಿ ಬಿಡುಗಡೆ. ಅದನ್ನೇ ಲೋಹಕ್ಕೆ ಇಳಿಸಿ, ಬೆರಳಿನಷ್ಟು ದಪ್ಪದ ಉರುಳೆಯೊಳಗೆ ಅಡಗಿಸಿದವರು ಅಮೆರಿಕದ ಲೈನಸ್ ಯೇಲ್, ಮತ್ತು ಅದೇ ಹೆಸರಿನ ಅವನ ಮಗ. ಮಗನ ಪೇಟೆಂಟುಗಳು 1861 ಮತ್ತು 1865ರವು. ಅವತ್ತಿನಿಂದ ಇವತ್ತಿನವರೆಗೆ ಇದರಲ್ಲಿ ಮೂಲಭೂತವಾಗಿ ಬದಲಾದದ್ದು ಏನೂ ಇಲ್ಲವೆನ್ನಬಹುದು.

ಸಿಲಿಂಡರಿನಲ್ಲಿ ಎರಡು ಉರುಳೆಗಳು. ಹೊರಗಿನದು ಗೂಡು, ಅದು ಅಲ್ಲಾಡುವುದಿಲ್ಲ. ಒಳಗಿನದು ತಿರುಗುವ ಉರುಳೆ, ಅದನ್ನು ಪ್ಲಗ್ಗು ಎನ್ನುತ್ತಾರೆ. ಕೈ ತೂರಿಸುವ ಕಿಂಡಿ ಇರುವುದು ಪ್ಲಗ್ಗಿನಲ್ಲಿ. ಗೂಡಿನಿಂದ ಪ್ಲಗ್ಗಿನೊಳಕ್ಕೆ ನೇರವಾಗಿ ಐದೋ ಆರೋ ಸಣ್ಣ ಬಾವಿಗಳನ್ನು ಕೊರೆದಿರುತ್ತಾರೆ. ಪ್ರತಿ ಬಾವಿಯಲ್ಲಿ ಎರಡು ಪಿನ್ನು, ಅವುಗಳ ಮೇಲೊಂದು ಸ್ಪ್ರಿಂಗು. ಕೆಳಗಿನ ಪಿನ್ನಿನ ತುದಿ ಮೊನಚು, ಅದು ಕೈಯನ್ನು ಮುಟ್ಟುವ ಪಿನ್ನು. ಅದರ ಉದ್ದ ಬಾವಿಯಿಂದ ಬಾವಿಗೆ ಬೇರೆ. ಮೇಲಿನದು ಸಾಮಾನ್ಯವಾಗಿ ಮಟ್ಟಸ, ಅದು ಕೆಳಕ್ಕೆ ತಳ್ಳುವ ಪಿನ್ನು. ಬೀಗ ಹಾಕಿರುವಾಗ ಈ ಮೇಲಿನ ಪಿನ್ನುಗಳು ಅರ್ಧ ಗೂಡಿನಲ್ಲಿ, ಅರ್ಧ ಪ್ಲಗ್ಗಿನಲ್ಲಿ ನಿಂತಿರುತ್ತವೆ. ಎರಡೂ ಕಡೆ ಕಾಲಿಟ್ಟು ನಿಂತ ಐದು ಮಂದಿ ಅಡ್ಡವಿರುವಾಗ ಪ್ಲಗ್ಗು ತಿರುಗುವುದೆಲ್ಲಿಂದ ಬಂತು?

ಸರಿಯಾದ ಕೈ ಒಳಗೆ ಹೋದಾಗ ಆಗುವುದು ಇಷ್ಟು. ಕೈಯ ಪ್ರತಿ ಕಚ್ಚೂ ಅದರ ಮೇಲಿನ ಪಿನ್ನನ್ನು ಬೇಕಾದಷ್ಟೇ ಎತ್ತುತ್ತದೆ. ಉದ್ದ ಪಿನ್ನಿಗೆ ಆಳದ ಕಚ್ಚು, ಗಿಡ್ಡ ಪಿನ್ನಿಗೆ ಮೇಲುಮೇಲಿನ ಕಚ್ಚು. ಎರಡು ಪಿನ್ನುಗಳು ಕೂಡುವ ಜಾಗ, ಐದೂ ಬಾವಿಗಳಲ್ಲಿ, ಪ್ಲಗ್ಗೂ ಗೂಡೂ ಕೂಡುವ ಗೆರೆಗೆ ಸರಿಯಾಗಿ ಬಂದು ನಿಲ್ಲುತ್ತದೆ. ಆ ಗೆರೆಗೆ ಶಿಯರ್ ಲೈನ್ ಎಂದು ಹೆಸರು. ಈಗ ಕೆಳಗಿನ ಪಿನ್ನುಗಳೆಲ್ಲ ಪ್ಲಗ್ಗಿನ ಪಾಲು, ಮೇಲಿನವೆಲ್ಲ ಗೂಡಿನ ಪಾಲು. ಗೆರೆ ದಾಟಿ ನಿಂತದ್ದು ಒಂದೂ ಇಲ್ಲ. ಪ್ಲಗ್ಗು ತಿರುಗುತ್ತದೆ, ಅದರ ಬೆನ್ನಿಗಿರುವ ಕ್ಯಾಮು ಎಂಬ ನಾಲಿಗೆ ಅಗುಳಿಯನ್ನು ಎಳೆಯುತ್ತದೆ. ನಾಲ್ಕು ಪಿನ್ನು ಗೆರೆಗೆ ಬಂದು ಐದನೆಯದು ಕೂದಲೆಳೆಯಷ್ಟು ಮೇಲೋ ಕೆಳಗೋ ಇದ್ದರೂ ಬಾಗಿಲು ತೆರೆಯುವುದಿಲ್ಲ. ಬಲಕ್ಕೆ ಇಲ್ಲಿ ಬೆಲೆಯೇ ಇಲ್ಲ, ಬೆಲೆ ಇರುವುದು ಅಳತೆಗೆ.

ಹೊಸ ಬಡಾವಣೆಗಳ ಮನೆಗಳಿಗೆ ಈಗ ಹಾಕುವ ಉದ್ದನೆಯ, ಕೆಳಗೆ ತೆಳ್ಳಗೆ ಇಳಿದ ಸಿಲಿಂಡರನ್ನು ಯೂರೋ ಸಿಲಿಂಡರ್ ಎನ್ನುತ್ತಾರೆ. ಮೇಲಿನ ದುಂಡು 17 ಮಿಲಿಮೀಟರ್, ಒಟ್ಟು ಎತ್ತರ 33. ಒಂದೇ ಒಂದು ಸ್ಕ್ರೂ ಬಿಚ್ಚಿದರೆ ಇಡೀ ಸಿಲಿಂಡರು ಹೊರಕ್ಕೆ ಬರುತ್ತದೆ, ಬೇರೆಯದು ಕೂರಿಸಬಹುದು, ಬಾಗಿಲಿಗೆ ಪೆಟ್ಟಿಲ್ಲ. ಕೈ ಕಳೆದವರಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಆ ಸ್ಕ್ರೂ ಹಾಯುವ ನಡುಭಾಗವೇ ಅದರ ತೆಳುವಾದ ಜಾಗ. ಆದ್ದರಿಂದ ಸಿಲಿಂಡರು ಬಾಗಿಲಿನಿಂದ ಹೊರಕ್ಕೆ ಚಾಚಿಕೊಂಡಿರುವಂತೆ ಕೂರಿಸಿದ್ದರೆ ಬಡಗಿಗೆ ಹೇಳಿ ಸರಿಮಾಡಿಸಿಕೊಳ್ಳಬೇಕು. ಮೇಜಿನ ಖಾನೆ, ಅಂಚೆ ಪೆಟ್ಟಿಗೆಗಳ ಬೀಗಗಳಲ್ಲಿ ಪಿನ್ನಿನ ಬದಲು ತೆಳು ಬಿಲ್ಲೆಗಳಿರುತ್ತವೆ. ಅಗ್ಗ, ಸುಲಭ, ಕಾವಲೂ ಅಷ್ಟಕ್ಕಷ್ಟೆ. ಹಾಸ್ಟೆಲುಗಳಲ್ಲಿ ವಾರ್ಡನ್ನಿನ ಒಂದು ಕೈ ಎಲ್ಲ ಕೋಣೆಗಳನ್ನೂ ತೆರೆಯುವುದು ಹೇಗೆಂದರೆ, ಎರಡು ಪಿನ್ನುಗಳ ನಡುವೆ ಇನ್ನೊಂದು ತೆಳು ಬಿಲ್ಲೆ ಸೇರಿಸಿರುತ್ತಾರೆ. ಆಗ ಒಂದೇ ಬಾವಿಯಲ್ಲಿ ಕೂಡುವ ಜಾಗ ಎರಡಾಗುತ್ತದೆ: ಒಂದು ಹುಡುಗನ ಕೈಗೆ, ಒಂದು ವಾರ್ಡನ್ನಿನ ಕೈಗೆ.

ಇನ್ನು ಕೈ. ಮೈಸೂರು ಕಡೆ ಬೀಗದ ಕೈ, ಹಳಬರ ಬಾಯಲ್ಲಿ ಬೀಗದೆಸಳು. ಹುಬ್ಬಳ್ಳಿ ಧಾರವಾಡದ ಕಡೆ ಕೀಲಿಕೈ, ಇನ್ನು ಕೆಲವು ಕಡೆ ಚಾವಿ. ಹಿಡಿಯುವ ಅಗಲ ಭಾಗ ತಲೆ, ಅದರಲ್ಲೇ ಬಳೆ ಹಾಕುವ ತೂತು. ತಲೆಯ ಕೆಳಗೆ ಒಂದು ಮೆಟ್ಟು, ಅದನ್ನು ಭುಜ ಎನ್ನಬಹುದು. ಕೈ ಎಷ್ಟು ಒಳಗೆ ಹೋಗಿ ನಿಲ್ಲಬೇಕೆಂದು ತೀರ್ಮಾನಿಸುವುದು ಆ ಭುಜ. ಭುಜ ಸವೆದ ಕೈಯಲ್ಲಿ ಹಲ್ಲು ಸರಿಯಿದ್ದರೂ ಅವು ಪಿನ್ನಿನ ಕೆಳಗೆ ಬಂದು ನಿಲ್ಲುವುದಿಲ್ಲ. ಭುಜದಿಂದ ತುದಿಯವರೆಗೆ ಅಲಗು. ಅಲಗಿನ ಪಕ್ಕದಲ್ಲಿ ಉದ್ದಕ್ಕೆ ಓಡುವ ಗೀರುಗಳಿವೆಯಲ್ಲ, ಅವು ಕಿಂಡಿಯ ವಕ್ರಕ್ಕೆ ಸರಿಹೊಂದುವಂಥವು. ಬೇರೆ ಕಂಪನಿಯ ಕೈ ಬಾಯಿಗೇ ಹೋಗದಿರುವುದು ಆ ಗೀರುಗಳಿಂದ. ಅಂಚಿನಲ್ಲಿ ಹಲ್ಲು ಮತ್ತು ಕಚ್ಚುಗಳು. ಲೋಹ ಹೆಚ್ಚಾಗಿ ಹಿತ್ತಾಳೆ, ಮೇಲೆ ನಿಕ್ಕಲ್ ಲೇಪ; ತುಕ್ಕು ಹಿಡಿಯದು, ಅರಕ್ಕೆ ಒಗ್ಗುತ್ತದೆ.

ಪ್ರತಿ ಕಚ್ಚಿನ ಆಳಕ್ಕೂ ಕಾರ್ಖಾನೆಯಲ್ಲಿ ಒಂದು ಅಂಕೆ ಇರುತ್ತದೆ. ಐದು ಕಚ್ಚು, ಒಂದೊಂದಕ್ಕೂ ಆರು ಬಗೆಯ ಆಳ ಎಂದಿಟ್ಟುಕೊಂಡರೆ 7,776 ಬೇರೆ ಬೇರೆ ಕೈಗಳಾಗುತ್ತವೆ. ಅಕ್ಕಪಕ್ಕದಲ್ಲಿ ತೀರಾ ಆಳ ಮತ್ತು ತೀರಾ ಎತ್ತರ ಬರಬಾರದೆಂದು ಕೆಲವನ್ನು ಬಿಡುತ್ತಾರೆ. ಹಾಗಾಗಿ ಕೈ ಎನ್ನುವುದು ನಿಜವಾಗಿ ಒಂದು ಸಂಖ್ಯೆ, ಹಿತ್ತಾಳೆಯಲ್ಲಿ ಬರೆದದ್ದು. ಕಸುಬು ಬಲ್ಲವರು ಕೈಯನ್ನು ನೋಡಿಯೇ ಆ ಸಂಖ್ಯೆಯನ್ನು ಓದಿಬಿಡುತ್ತಾರೆ. ಹೊಸ ಮನೆಯ ಗೃಹಪ್ರವೇಶದ ದಿನ ಕೈ ಹಿಡಿದು ತೆಗೆಸಿಕೊಂಡ ಫೋಟೋವನ್ನು ಊರಿಗೆಲ್ಲ ಕಳಿಸಬೇಡಿ ಎನ್ನುವುದು ಇದಕ್ಕೇ.

ಈಗ ಕೊಡೆಯ ಕೆಳಗಿನ ಕೆಲಸಕ್ಕೆ ಬರೋಣ. ಮೂಲ ಕೈ ಇದ್ದರೆ ನಕಲು ಮಾಡುವುದು ಎರಡು ನಿಮಿಷದ ಮಾತು. ಮೂಲವನ್ನೂ ಬ್ಲ್ಯಾಂಕನ್ನೂ ಭುಜಕ್ಕೆ ಭುಜ ಕೂಡಿಸಿ ವೈಸಿಗೆ ಬಿಗಿದು, ಮೂರು ಮೂಲೆಯ ಅರದಿಂದ ಒಂದೊಂದೇ ಕಚ್ಚು ಕೊಯ್ಯುತ್ತಾರೆ. ಮಷೀನು ಇದ್ದವರು ಒಂದು ಕಡೆ ಮೂಲವನ್ನು ತಡವುವ ಮುಳ್ಳು, ಇನ್ನೊಂದು ಕಡೆ ಕೊಯ್ಯುವ ಚಕ್ರ ಓಡಿಸುತ್ತಾರೆ. ಯಾವ ರೀತಿಯಲ್ಲಿ ಮಾಡಿದರೂ ಕೊನೆಗೆ ಅಂಚಿನ ಒರಟನ್ನು ಅರದಿಂದ ಸವರಿ ತೆಗೆಯಬೇಕು. ಅದನ್ನು ಬಿಟ್ಟ ನಕಲು ಮೊದಲ ದಿನ ತಿರುಗುತ್ತದೆ, ಆರು ತಿಂಗಳಲ್ಲಿ ಪಿನ್ನುಗಳ ಮೊನೆಯನ್ನು ತಿನ್ನುತ್ತದೆ.

ಕಷ್ಟವಿರುವುದು, ಹಾಗಾಗಿ ಸೊಗಸಿರುವುದು, ಕೈ ಕಳೆದುಹೋಗಿ ಬೀಗ ಮಾತ್ರ ಉಳಿದಾಗ. ಅವರು ಸರಿಹೊಂದುವ ಬ್ಲ್ಯಾಂಕನ್ನು ಆರಿಸಿ ಅದರ ಅಂಚನ್ನು ಅರದಿಂದ ಒಂದೇ ಸಮ ನುಣ್ಣಗೆ ಮಾಡುತ್ತಾರೆ. ಅದನ್ನು ಕಿಂಡಿಗೆ ತೂರಿಸಿ, ತಿರುಗಿಸಲು ಹೋದಷ್ಟು ಬಿಗಿ ಕೊಟ್ಟು, ಸ್ವಲ್ಪವೇ ಅಲ್ಲಾಡಿಸಿ ಹೊರಕ್ಕೆ ತೆಗೆಯುತ್ತಾರೆ. ಬಿಸಿಲಿಗೆ ಓರೆಮಾಡಿ ಹಿಡಿದರೆ ನುಣುಪಿನ ಮೇಲೆ ಎಲ್ಲೋ ಒಂದು ಚುಕ್ಕೆ. ನಮ್ಮ ಕಣ್ಣಿಗೆ ಅದು ಕಾಣುವುದೂ ಇಲ್ಲ. ಆ ಜಾಗದಲ್ಲಿ ಒಂದು ಪಿನ್ನು ಅಡ್ಡ ಒತ್ತಿದೆ ಎಂದು ಅದರ ಅರ್ಥ. ಅಲ್ಲಿ ಎರಡು ಸಲ ಅರ. ಮತ್ತೆ ತೂರಿಸು, ಮತ್ತೆ ಬಿಗಿ, ಮತ್ತೆ ಬಿಸಿಲು. ಚುಕ್ಕೆ ಬೀಳುತ್ತಿರುವಷ್ಟು ಹೊತ್ತೂ ಅಲ್ಲಿ ಅರ ಹಾಕುತ್ತಲೇ ಹೋಗಬೇಕು. ಚುಕ್ಕೆ ಬೀಳುವುದು ನಿಂತರೆ ಆ ಪಿನ್ನು ಗೆರೆಗೆ ಬಂದಿದೆ, ಇನ್ನು ಅಲ್ಲಿ ಕೈ ಇಡಬಾರದು. ಒಂದೇ ಒಂದು ಎಳೆತ ಹೆಚ್ಚಾದರೆ ಪಿನ್ನು ಗೆರೆಯಿಂದ ಕೆಳಕ್ಕೆ ಬಿದ್ದುಹೋಗುತ್ತದೆ, ಬ್ಲ್ಯಾಂಕು ಗುಜರಿಗೆ. ಲಿವರ್ ಬೀಗವಾದರೆ ಖಾಲಿ ಎಲೆಯನ್ನು ದೀಪದ ಹೊಗೆಗೆ ಹಿಡಿದು ಮಸಿ ಹತ್ತಿಸುತ್ತಾರೆ. ತಗಡುಗಳು ಎಲ್ಲಿ ಮುಟ್ಟಿದವೋ ಅಲ್ಲಿ ಮಸಿ ಅಳಿಸಿರುತ್ತದೆ.

ಗಮನಿಸಿ: ಈ ಅಷ್ಟೂ ಕೆಲಸದಲ್ಲಿ ಅವರು ಬೀಗದ ಒಳಗನ್ನು ಒಮ್ಮೆಯೂ ಕಂಡಿಲ್ಲ. ಬೀಗವೇ ತನ್ನ ಗುಟ್ಟನ್ನು ಚುಕ್ಕೆ ಚುಕ್ಕೆಯಾಗಿ ಬರೆದುಕೊಟ್ಟಿದೆ, ಇವರು ಓದಿದ್ದಾರೆ. ಶಾಲೆಯಲ್ಲಿ ಕಲಿಸದ ಈ ಓದನ್ನು ನಾವು ಕೆಲವು ರೂಪಾಯಿಗೆ ಚೌಕಾಸಿ ಮಾಡುತ್ತೇವಲ್ಲ, ಅದು ನನಗೆ ನೋವಿನ ಸಂಗತಿ. ಇಂಥ ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡು ಕೊಡೆಯ ಕೆಳಗೆ ಕೂತವರು ಎಷ್ಟು ನಂಬಿಕೆಯ ಮೇಲೆ ಬದುಕುತ್ತಾರೆಂಬುದನ್ನೂ ಯೋಚಿಸಬೇಕು. ಒಳ್ಳೆಯ ಕಸುಬುದಾರರು ಬೀಗ ತರದೆ ಬರಿಯ ಸಾಬೂನಿನ ಅಚ್ಚನ್ನೋ ಫೋಟೋವನ್ನೋ ತಂದವರಿಗೆ ಕೈ ಮಾಡಿಕೊಡುವುದಿಲ್ಲ. ಮನೆಗೆ ಕರೆದರೆ, ಅಕ್ಕಪಕ್ಕದವರು ನೋಡುತ್ತಿರಲಿ ಎಂದು ಬಾಗಿಲು ತೆರೆಯುವ ಮೊದಲು ಇಬ್ಬರನ್ನು ಕೂಗಿ ನಿಲ್ಲಿಸಿಕೊಳ್ಳುವವರೂ ಇದ್ದಾರೆ.

ನಂಬಿಕೆಯ ಮಾತು ಬಂದದ್ದರಿಂದ ತಲಕಾಡಿನ ಕತೆಯೊಂದನ್ನು ಇಲ್ಲಿ ನೆನೆಯಬೇಕು. ತಲಕಾಡು ಮರಳಾಗಲಿ ಎಂಬ ಅಲಮೇಲಮ್ಮನ ಶಾಪ ಎಲ್ಲರಿಗೂ ಗೊತ್ತು. ಅದರ ಮೂಲದಲ್ಲಿರುವುದು ಒಡವೆಯ ಜಗಳ. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ವಶವಾದ ಮೇಲೆ, ರಂಗನಾಯಕಿ ಅಮ್ಮನವರಿಗೆ ತೊಡಿಸುವ ಆಭರಣಗಳು ಪಟ್ಟಣದ ಹಿಂದಿನ ಅಧಿಪತಿಯ ಹೆಂಡತಿಯಾದ ಅಲಮೇಲಮ್ಮನ ಬಳಿ ಇರಬೇಕೋ ದೇವಸ್ಥಾನದ ಬಳಿ ಇರಬೇಕೋ ಎಂಬ ಪ್ರಶ್ನೆ ಎದ್ದು, ಆಕೆ ಒಡವೆಗಳೊಡನೆ ಮಾಲಂಗಿಯ ಮಡುವಿಗೆ ಹಾರಿದಳೆಂದು ಐತಿಹ್ಯ. ದೇವರ ಒಡವೆಯ ಪೆಟ್ಟಿಗೆಯ ಕೈ ಯಾರ ಬಳಿ ಇರಬೇಕು? ಈ ಪ್ರಶ್ನೆಗೆ ಆಡಳಿತ ಕಂಡುಕೊಂಡ ಉತ್ತರ ಜೋಡಿ ಬೀಗ. ಖಜಾನೆಯ ಭದ್ರ ಕೋಣೆಗೆ ಎರಡು ಬೀಗ. ಒಂದರ ಕೈ ಖಜಾನೆ ಅಧಿಕಾರಿಯ ಬಳಿ, ಇನ್ನೊಂದರದು ಖಜಾಂಚಿಯ ಬಳಿ. ಒಬ್ಬರೇ ಬಂದರೆ ಬಾಗಿಲು ತೆರೆಯದು. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿ ಕಿರೀಟ ಉತ್ಸವ ಬಿಟ್ಟು ವರ್ಷದ ಉಳಿದ ದಿನಗಳಲ್ಲಿ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಅಲ್ಲಿಂದ ಪೊಲೀಸ್ ಕಾವಲಿನಲ್ಲಿ ಹೊರಡುತ್ತದೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳೂ ತಾಲ್ಲೂಕು ಖಜಾನೆಗಳಲ್ಲಿ ಇಂಥದೇ ಕಾವಲಿನಲ್ಲಿ ಪರೀಕ್ಷೆಯ ಬೆಳಗಿನವರೆಗೆ ಇರುತ್ತವೆ.

ನಂಜನಗೂಡಿನ ಶ್ರೀಕಂಠೇಶ್ವರನ ಹುಂಡಿ ಎಣಿಕೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ದೊಡ್ಡಕ್ಷರದಲ್ಲಿ ಬರುವುದು ಮೊತ್ತ. ಹುಂಡಿ ತೆರೆಯುವ ಕ್ರಮ ಅದಕ್ಕಿಂತ ಸ್ವಾರಸ್ಯ. ಇಂಥ ಕಡೆ ಬೀಗದ ಮೇಲೆ ಬಟ್ಟೆ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುವ ಪದ್ಧತಿ ಇದೆ. ಅರಗಿಗೆ ಬಲವಿಲ್ಲ, ಉಗುರಿನಿಂದ ಒಡೆಯಬಹುದು. ಆದರೆ ಒಡೆದದ್ದನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಬೀಗ ತಡೆಯುತ್ತದೆ, ಮುದ್ರೆ ಸಾಕ್ಷಿ ಹೇಳುತ್ತದೆ. ಚಬ್ ಎರಡನ್ನೂ ಒಂದೇ ಬೀಗದಲ್ಲಿ ಕೂಡಿಸಲು ಹೊರಟಿದ್ದ.

ಬ್ಯಾಂಕಿನ ಲಾಕರಿನಲ್ಲಿ ಜೋಡಿ ಬೀಗ ಒಂದೇ ಬೀಗದೊಳಗೆ ಬಂದಿದೆ. ಮುಖದ ಮೇಲೆ ಎರಡು ಕಿಂಡಿ, ಹೊಟ್ಟೆಯಲ್ಲಿ ಎರಡು ಕಟ್ಟು ಲಿವರು, ಅಗುಳಿ ಮಾತ್ರ ಒಂದು. ಬ್ಯಾಂಕಿನವರು ಮೊದಲು ತಮ್ಮ ಕೈ ತಿರುಗಿಸಿದಾಗ ಒಂದು ಕಟ್ಟಿನ ದಾರಿಗಳು ಸಾಲಿಗೆ ಬರುತ್ತವೆ, ಆದರೂ ಏನೂ ತೆರೆಯುವುದಿಲ್ಲ. ನಿಮ್ಮ ಕೈ ಇನ್ನೊಂದು ಕಟ್ಟನ್ನು ಸಾಲಿಗೆ ತಂದರಷ್ಟೇ ಅಗುಳಿ ಸರಿಯುತ್ತದೆ. ನಿಮ್ಮ ಕೈ ಕಳೆದರೆ ನಿಮ್ಮೆದುರಿಗೇ ಬೀಗ ಒಡೆಯಬೇಕಾಗುತ್ತದೆ, ಖರ್ಚು ನಿಮ್ಮದು.

ಓದುಗರಿಗೆ ಕೊನೆಯದಾಗಿ ಕೆಲವು ಮಾತು. ನಕಲು ಮಾಡಿಸುವುದಿದ್ದರೆ ಮೂಲ ಕೈ ಹೊಸದಾಗಿರುವಾಗಲೇ ಮಾಡಿಸಿ. ನಕಲಿನ ನಕಲು ತೆಗೆದಂತೆಲ್ಲ ತಪ್ಪು ಕೂಡುತ್ತಾ ಹೋಗಿ ಒಂದು ದಿನ ನಾಲ್ಕನೆಯ ಕೈ ನಿಮ್ಮ ಬಾಗಿಲನ್ನೇ ಗುರುತಿಸದು. ಬಳೆಗೆ ಕಟ್ಟುವ ಚೀಟಿಯ ಮೇಲೆ ಮನೆಯ ವಿಳಾಸ ಬರೆಯಬೇಡಿ. ಕೈ ಕಳೆದಾಕ್ಷಣ ಸುತ್ತಿಗೆಗೆ ಕೈಹಾಕಬೇಡಿ; ಕೊಡೆಯ ಕೆಳಗೆ ಕೂತವರನ್ನು ಕರೆದುಕೊಂಡು ಬನ್ನಿ, ಅವರು ಅರ ಹಾಕುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ನೋಡಲು ಹೇಳಿ, ಕೇಳಿದಷ್ಟು ಕೂಲಿಯನ್ನು ಕೊಡಿ. ಮತ್ತೆ, ಅಂಗಡಿಯಿಂದ ಹೊಸ ಬೀಗ ತಂದಾಗ ಜೊತೆಗೆ ಬರುವ ಎರಡು ಮೂರು ಕೈಗಳನ್ನು ದಯವಿಟ್ಟು ಒಂದೇ ಬಳೆಗೆ ಹಾಕಬೇಡಿ.